ಅಪ್ಪೆಮಿಡಿ ಮರದ ಮೇಲೆ ಗಿರಿಜಕ್ಕ

ಮೊನ್ನೆ ಭಾನುವಾರ ನಮ್ಮ ಗಿರಿಜಕ್ಕ ನೈಟಿಯಲ್ಲೇ ಮರ ಹತ್ತಿ ಕೂತುಬಿಟ್ಟಳು. ಐವತ್ತು ದಾಟಿದ ಹೆಂಗಸು. ಮಂಡಿನೋವಿಗೆ ಮಾತ್ರೆ ನುಂಗುವವಳು! ಕೆಳಗೆ ಭಾವ "ಇಳಿಯೇ ಮಾರಾಯ್ತಿ, ಮರ್ಯಾದೆ ಹೋಗುತ್ತೆ" ಅಂತ ಗೋಗರೆಯುತ್ತಿದ್ದರು. ಭದ್ರಾವತಿಯ ಆ ಕ್ವಾರ್ಟರ್ಸ್ ಲೈನಿನವರೆಲ್ಲ ಕಾಂಪೌಂಡಿನ ಆಚೆ ಕತ್ತು ಚಾಚಿಕೊಂಡು ನಿಂತಿದ್ದರು.

ಜಗಳ ಯಾವುದಕ್ಕೆ ಅಂತೀರಿ? ಉಪ್ಪಿನಕಾಯಿಗೆ!

ಗಿರಿಜಕ್ಕ ನನ್ನ ದೊಡ್ಡಮ್ಮನ ಮಗಳು. ಅವಳ ಹಿತ್ತಲಲ್ಲಿ ಒಂದು ಅಪ್ಪೆಮಿಡಿ ಮಾವಿನ ಮರವಿದೆ. ಮದುವೆಯಾಗಿ ಬಂದ ವರ್ಷ, ತವರು ಹೊಳಲೂರಿನ ಹೊಳೆದಂಡೆಯ ಮರದಿಂದ ಕಸಿ ಕಟ್ಟಿಸಿ ತಂದು ನೆಟ್ಟಿದ್ದು. ತೊಟ್ಟು ಮುರಿದರೆ ಸಾಕು, ಸೊನೆ ಜೀರಿಗೆಯ ಹಾಗೆ ಘಮ್ಮೆನ್ನುತ್ತದೆ. ಮಿಡಿ ಬಿಟ್ಟ ಸುದ್ದಿ ಸಿಕ್ಕಿದ್ದೇ ತಡ, ನೆಂಟರೆಲ್ಲ ಭರಣಿ ಸಮೇತ ಹಾಜರು. (ನಾನೂ ಹೋಗಿದ್ದೆ. ಸವಳಂಗ ರಸ್ತೆಯ ಮನೆಯಿಂದ ಅಲ್ಲಿಯವರೆಗೂ ಬಸ್ಸಿನಲ್ಲಿ ಭರಣಿ ತೊಡೆಯ ಮೇಲೆ. ನಗಬೇಡಿ, ನಿಮ್ಮ ಮನೆಯ ಕಥೆಯೂ ಇಷ್ಟೇ.)

ಮಿಡಿ ಕೊಯ್ಯುವುದಕ್ಕೆ ಒಂದು ಶಿಸ್ತಿದೆ. ತೊಟ್ಟು ಸಮೇತ ಕೈಯಲ್ಲೇ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ, ಇಡೀ ಭರಣಿಯನ್ನೇ ಕೆಡಿಸುತ್ತದೆ. ಆದರೆ ಪ್ರತಿ ವರ್ಷ ಮರ ಹತ್ತುತ್ತಿದ್ದವನು ಈ ಸಲ ಕೈಕೊಟ್ಟ. ನೆರೆದಿದ್ದವರಲ್ಲಿ ಬ್ಯಾಂಕಿನವರಿದ್ದರು, ಮೇಷ್ಟ್ರಿದ್ದರು. ಮರ ಹತ್ತಲು ಬರುವವರು? ಊಹೂಂ.

ಆಗ ನಮ್ಮ ಸೋದರಮಾವ ರುದ್ರಪ್ಪ ಕತ್ತಿ ಹಿಡಿದು ಎದ್ದರು. "ಅದಕ್ಕೇನಂತೆ? ಆ ದೊಡ್ಡ ಕೊಂಬೆಗೆ ಹಗ್ಗ ಬಿಗಿದು, ಕಡಿದು, ನಿಧಾನಕ್ಕೆ ಕೆಳಗಿಳಿಸೋಣ. ಒಂದು ಮಿಡೀನೂ ನೆಲಕ್ಕೆ ಬೀಳಲ್ಲ. ಕೂತಲ್ಲೇ ಬಿಡಿಸ್ಕೊಳ್ಳಬಹುದು."

ಎಲ್ಲರೂ ತಲೆಯಾಡಿಸಿದರು. ಎಂಥಾ ಐಡಿಯಾ ನೋಡಿ! ಮಿಡಿಗೆ ಪೆಟ್ಟಾಗಬಾರದು, ಮರಕ್ಕಾದರೆ ಪರವಾಗಿಲ್ಲ.

ಅಕ್ಕ ಎದ್ದು ಒಳಗೆ ಹೋದಳು. ಕಾಫಿ ತರುತ್ತಾಳೆ ಅಂದುಕೊಂಡೆವು. ತಂದಿದ್ದು ಏಣಿ. ನಾವು ಬಾಯಿ ಬಿಡುವಷ್ಟರಲ್ಲಿ ಅದೇ ಕೊಂಬೆಯ ಮೇಲೆ ಕೂತಾಗಿತ್ತು.

"ಕಡೀರಿ ಮಾವ. ನನ್ನನ್ನೂ ಸೇರಿಸಿ ಇಳಿಸಿ!"

"ಒಂದು ಕೊಂಬೆ ತಾನೇ ಕಣೇ? ಮತ್ತೆ ಚಿಗುರುತ್ತೆ."

"ಹೊಳಲೂರಿನ ಮರಕ್ಕೂ ಹಿಂಗೇ ಅಂದ್ರಿ. ವರ್ಷಕ್ಕೊಂದು ಕೊಂಬೆ ಇಳಿಸಿದ್ರಿ. ಈಗೆಲ್ಲಿದೆ ಅದು? ಒಣಗಿ ಸೌದೆ ಆಯ್ತು! ಆ ಜಾತೀದು ಅಂತ ಉಳಿದಿರೋದು ಇದೊಂದೇ. ನನ್ನ ಜೀವ ಇರೋ ತನಕ ಇದಕ್ಕೆ ಕತ್ತಿ ತಾಗಿಸೋಕೆ ಬಿಡಲ್ಲ."

ಮಾವ ಏನೋ ಗೊಣಗಿ ಕತ್ತಿ ಕೆಳಗಿಟ್ಟರು. ಪಕ್ಕದ ಮನೆಯ ಸೆಲ್ವಿಯಮ್ಮ ಕಾಂಪೌಂಡಿನಾಚೆಯಿಂದ "ನೀವು ಇಳೀಬೇಡಿ ಅಕ್ಕಾ, ಬುಟ್ಟಿ ನಾನು ಕೊಡ್ತೀನಿ" ಅಂತ ಕೂಗಿದರು. ಕೊಂಬೆಗೆ ಬಿಗಿಯಲು ತಂದ ಹಗ್ಗವನ್ನು ಬುಟ್ಟಿಗೆ ಕಟ್ಟಿದೆವು. ಅಕ್ಕ ಕೈಗೆಟುಕಿದ್ದನ್ನೆಲ್ಲ ಕೊಯ್ದು ಇಳಿಸಿದಳು. ಎಲ್ಲರಿಗೂ ಹಂಚಿದಾಗ ನನ್ನ ಭರಣಿಯ ತಳ ಮುಚ್ಚಿತು, ಅಷ್ಟೇ.

"ಇಷ್ಟೇನಾ?" ಅಂದರು ಮಾವ.

"ತುದೀಲಿ ಬೇಕಾದಷ್ಟಿದೆ. ಹತ್ತಿ ಕೊಯ್ಕೊಳ್ಳಿ" ಅಂದಳು. ಯಾರೂ ಅಲುಗಾಡಲಿಲ್ಲ. ನನಗಂತೂ ಅಕ್ಕನ ಮೇಲೆ ಹೆಮ್ಮೆ ಉಕ್ಕಿ ಬಂತು.

ಬರೀ ಮಿಡಿಯ ಮಾತಲ್ಲ ಇದು. ತುಳಸಿ ಹಬ್ಬ ಬಂದರೆ ನಮಗೆ ಕಾಯಿ ಬಿಟ್ಟ ನೆಲ್ಲಿಯ ಕೊಂಬೆಯೇ ಬೇಕು. ರೇಷ್ಮೆ ಸೀರೆ ಒಗೆಯಲು ಅಂಟುವಾಳ ಬೇಕು, ಅದರ ಮರ ಮಾತ್ರ ಸೈಟಿಗೆ ಅಡ್ಡ. ಕೊಡುವ ಮರಕ್ಕೇ ಮೊದಲ ಏಟು. ಇದ್ಯಾವ ನ್ಯಾಯ?

ಅಕ್ಕ ಅಷ್ಟಕ್ಕೇ ಸುಮ್ಮನಾಗಿಲ್ಲ. ಮಳೆ ಶುರುವಾದ ಮೇಲೆ ಆ ಮರದ ಕಸಿ ಕಟ್ಟಿಸುತ್ತಾಳಂತೆ. "ಗಿಡ ಒಯ್ದು ನೆಡಿ, ಪುಕ್ಕಟೆ ಕೊಡ್ತೀನಿ" ಅಂತ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಾಳೆ. ಮಿಡಿ ಅಂದರೆ ಓಡಿ ಬಂದವರೆಲ್ಲ ಈಗ "ನಮ್ಮ ಸೈಟು ಚಿಕ್ಕದು ಕಣೇ" ಎಂದು ರಾಗ ಎಳೆಯುತ್ತಿದ್ದಾರೆ. ಅವಳು ಬಿಡುವವಳಲ್ಲ, ನಾಳೆಯೂ ಫೋನ್ ಮಾಡುತ್ತಾಳೆ. ನಾನೊಂದು ಗಿಡಕ್ಕೆ ಗೇಟಿನ ಪಕ್ಕ ಗುಂಡಿ ತೋಡಿಸಿದ್ದೇನೆ.

ಉಳಿದವರನ್ನು ಕೇಳುತ್ತೇನೆ: ಹತ್ತಲೂ ಬಾರದು, ನೆಡಲೂ ಜಾಗವಿಲ್ಲ, ಮತ್ತೆ ನಿಮಗೆ ಮಿಡಿ ಯಾಕ್ರೀ ಬೇಕು?