ರಂಗೋಲಿ ಪುಡಿಯಲ್ಲಿ ಕಲಿತ ಜಪಾನಿ

ನಮ್ಮೂರಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ನಾನು ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ತಿದ್ದುವವರು ತುದಿಗಾಲಲ್ಲಿ ನಿಂತಿರುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿದರೆ ಅಪ್ಪಾಜಿಯ ಜವಳಿ ಅಂಗಡಿಗೆ ಪಂಚೆ ಕೊಳ್ಳಲು ಬಂದವನೂ ಉಚ್ಚಾರ ಸರಿಯಿಲ್ಲ ಅನ್ನುತ್ತಿದ್ದ. ಹಾಗಾಗಿ ನ್ಯಾಮತಿಯಲ್ಲಿ ಒಬ್ಬರಿಗೂ ಬಾರದ ಭಾಷೆಯೊಂದು ನನಗೆ ಬೇಕಾಗಿತ್ತು. ಜಪಾನಿ ಸಿಕ್ಕಿತು. ಯಾಕೆ ಜಪಾನಿ ಎಂದು ಈಗಲೂ ಕೇಳುವವರಿದ್ದಾರೆ. ಕ್ರಿಕೆಟ್ ಯಾಕೆ ನೋಡುತ್ತೀರಿ ಎಂದು ನಾನು ಅವರನ್ನು ಯಾವತ್ತೂ ಕೇಳಿಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿಬಂದು ಪಿಯುಸಿ ಮುಗಿಸಿದ್ದೆ. ಪಾಸಾದೆ ಎಂದು ಮನೆಯವರು ಪೇಡೆ ಹಂಚಿದರು, ಮರುದಿನದಿಂದ ನಾನು ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಗಂಡು ಸಿಗುವವರೆಗೆ ಮನೆಯಲ್ಲಿರಬೇಕು, ಅಷ್ಟೆ. ಮಧ್ಯಾಹ್ನ ಅಪ್ಪಾಜಿ ಅಂಗಡಿಯಲ್ಲಿದ್ದಾಗ ಅವರ ಟ್ರಾನ್ಸಿಸ್ಟರ್ ನನ್ನದು. ಅದರ ಮುಳ್ಳು ತಿರುಗಿಸುತ್ತ ಕೂತಾಗ ಒಂದು ದಿನ ಕರಕರ ಸದ್ದಿನ ನಡುವೆ ಜಪಾನಿನ ಕೇಂದ್ರವೊಂದು ಸಿಕ್ಕಿತು. ಒಬ್ಬ ಹೆಂಗಸು ನಿಧಾನವಾಗಿ ಒಂದು ಮಾತು ಹೇಳುತ್ತಿದ್ದಳು, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ತಿಳಿಸಿ ಮತ್ತೆ ಹೇಳುತ್ತಿದ್ದಳು. ಗದರುತ್ತಿರಲಿಲ್ಲ. ಅದೇ ನನಗೆ ಹೊಸದು. ಕಾಗದ ಬರೆದವರಿಗೆ ಪಾಠದ ಪುಸ್ತಕ ಉಚಿತ ಎಂದಳು. ಬರೆದೆ.

ಪುಸ್ತಕ ಬಂದದ್ದು ನನಗಿಂತ ಮೊದಲು ಬಸ್ ಸ್ಟ್ಯಾಂಡಿನ ಹೋಟೆಲಿನವರಿಗೆ ಗೊತ್ತಾಯಿತು. ಅಂಚೆಯವರು ಅಲ್ಲಿ ಟೀ ಕುಡಿಯುತ್ತ ಲಕೋಟೆಯನ್ನು ಮೇಜಿನ ಮೇಲಿಟ್ಟಿದ್ದರಂತೆ. ನನ್ನ ಕೈಗೆ ಬರುವಷ್ಟರಲ್ಲಿ ಅಂಚೆಚೀಟಿ ಇದ್ದ ಮೂಲೆಯನ್ನು ಯಾರೋ ಹರಿದುಕೊಂಡಿದ್ದರು, ಒಳಗಿನ ಮೊದಲ ಹಾಳೆಯ ತುದಿಯೂ ಅದರ ಜೊತೆಗೇ ಹೋಗಿತ್ತು. ಕೇಳಿದ್ದಕ್ಕೆ ಅಂಚೆಯವರು, "ಚೆಂದ ಇತ್ತು, ಯಾರೋ ತಗೊಂಡ್ರು ಬಿಡವ್ವ" ಎಂದರು. ನನ್ನ ವಸ್ತು ಹೋದದ್ದಕ್ಕೆ ನನಗೇ 'ಬಿಡು' ಎನ್ನುವ ಆ ಧಾರಾಳವನ್ನು ನಾನು ಆಮೇಲೆ ಬಹಳ ಸಲ ನೋಡಿದೆ.

ಉಳಿದ ಪುಸ್ತಕ ಚೆನ್ನಾಗಿತ್ತು. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಅವರ ಅಕ್ಷರಗಳು. ಪ್ರತಿ ಅಕ್ಷರದ ಮೇಲೆ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಸಣ್ಣ ಬಾಣದ ಗುರುತು. ಕೊನೆಯ ಪುಟದಲ್ಲಿ ಒಂದು ಮಾತಿತ್ತು: ಪಾಠಗಳನ್ನೆಲ್ಲ ಮುಗಿಸಿ ತಮ್ಮ ಕೈಯಾರೆ ಜಪಾನಿಯಲ್ಲಿ ಕಾಗದ ಬರೆದವರಿಗೆ ಎರಡನೇ ಪುಸ್ತಕ ಕಳಿಸುತ್ತೇವೆ. ಆ ಎರಡನೇ ಪುಸ್ತಕ ನನಗೆ ಬೇಕೇಬೇಕು ಎನಿಸಿತು. ಆ ವರ್ಷ ನಾನಾಗಿ ಆಸೆಪಟ್ಟದ್ದು ಅದೊಂದನ್ನೇ. ಸೀರೆ, ಬಳೆ, ಗಂಡು ಎಲ್ಲವೂ ಬೇರೆಯವರ ಆಸೆ.

ಬರೆಯಲು ಹಾಳೆ ಕೇಳಿದೆ. ಅಪ್ಪಾಜಿ, "ಮದುವೆ ಮಾಡಾಕೆ ನಿಂತಿರೋ ಹುಡುಗಿಗೆ ಇನ್ನೆಂಥ ನೋಟ್‌ಬುಕ್ಕು?" ಎಂದರು. ಬಟ್ಟೆ ಸುತ್ತಿ ಬಂದ ಕಂದು ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ನೋಡಿದೆ. ಅಕ್ಷರಗಳು ಸತ್ತ ಜೇಡದ ಹಾಗೆ ಕಾಲು ಮಡಚಿಕೊಂಡು ಬಿದ್ದವು. ಪುಸ್ತಕದಲ್ಲಿದ್ದವು ಕುಂಚದ ಅಕ್ಷರಗಳು. ಗೆರೆ ಶುರುವಾಗುವಾಗ ದಪ್ಪ, ಕೊನೆಗೆ ತೆಳ್ಳಗಾಗಿ ಗಾಳಿಗೆ ಹೋಗಬೇಕು. ಪೆನ್ನಿಗೆ ಅದು ಬರುವುದಿಲ್ಲ.

ರಂಗೋಲಿ ಪುಡಿಗೆ ಬರುತ್ತದೆ. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಚುಕ್ಕಿ ಎಣಿಸಿ ಅದೇ ತಾವರೆ, ಅದೇ ನಕ್ಷತ್ರ ಬರೆದು ನನಗೆ ಸಾಕಾಗಿತ್ತು. ಒಂದು ದಿನ ಸಗಣಿ ಸಾರಿಸಿದ ಹಸಿ ನೆಲದ ಮೇಲೆ, ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು, ಬಾಣದ ಗುರುತಿನಂತೆ ಒಂದು ಜಪಾನಿ ಅಕ್ಷರ ಎಳೆದೆ. ಬೆರಳು ಸಡಿಲ ಬಿಟ್ಟರೆ ದಪ್ಪ, ಬಿಗಿ ಹಿಡಿದರೆ ಸಣ್ಣ. ಅಕ್ಷರ ಎದ್ದು ಕೂತಿತು. ಒಬ್ಬಳೇ ನಕ್ಕೆ.

ಅವ್ವನಿಗೆ ಓದು ಬಾರದು. ಹೊಸ ನಮೂನೆ ರಂಗೋಲಿ ಅಂದುಕೊಂಡು ಪಕ್ಕದಲ್ಲಿ ಕೂತಳು. "ಮಣಿಕಟ್ಟು ಯಾಕೆ ಅಲ್ಲಾಡಿಸ್ತೀ? ತೋಳಿಂದ ಎಳಿ" ಎಂದಳು. ಅವಳು ಹೇಳಿದಂತೆ ಎಳೆದರೆ ಗೆರೆ ಪುಸ್ತಕದ ಗೆರೆಯೇ ಆಯಿತು. 'ನೊ' ಎನ್ನುವ ಅಕ್ಷರವೊಂದಿದೆ, ಒಂದೇ ಸುತ್ತಿನದು. ಅದಕ್ಕೆ ಅವ್ವ ಅರ್ಧ ಚಕ್ಕುಲಿ ಎಂದು ಹೆಸರಿಟ್ಟಳು. ಅದನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಹೀಗೆ ದಿನಕ್ಕೆ ಒಂದೆರಡು ಕಲಿಯುತ್ತ ಅಕ್ಷರಮಾಲೆ ಮುಗಿಸಿ ಪದಗಳಿಗೆ ಬಂದೆ. ನೀರು, ಮನೆ, ಅಮ್ಮ. ನಮ್ಮಿಬ್ಬರ ಆ ಬೆಳಗುಗಳು ನನಗೆ ಈಗಲೂ ಇಷ್ಟ, ಅದಕ್ಕೇ ಮುಂದಿನದನ್ನು ನೆನೆದರೆ ಮೈ ಉರಿಯುತ್ತದೆ.

ಶುಕ್ರವಾರ ರಂಗೋಲಿಗೆ ಅರಿಶಿನ ಕುಂಕುಮ ಇಡುವುದು ನಮ್ಮಲ್ಲಿ ಪದ್ಧತಿ. ಆ ಶುಕ್ರವಾರ ಅಮಾವಾಸ್ಯೆಯೂ ಆಗಿತ್ತು. ಅಂದು ಬಾಗಿಲಿನಿಂದ ರಸ್ತೆಯವರೆಗೆ ಒಂದು ಪೂರ್ತಿ ವಾಕ್ಯ ಬರೆದಿದ್ದೆ, ನನ್ನ ಮೊದಲ ವಾಕ್ಯ. ನಾನು ವಿದ್ಯಾರ್ಥಿನಿ, ಅಷ್ಟೇ ಅದರ ಅರ್ಥ. ಅವ್ವ ಅಭ್ಯಾಸದಂತೆ ಅಲ್ಲಲ್ಲಿ ಅರಿಶಿನ ಕುಂಕುಮ ಉದುರಿಸಿ ಒಳಗೆ ಹೋದಳು.

ಪಕ್ಕದ ಮನೆಯ ಹಿರಿಯಾಕೆಯನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಅವರ ಮೊಮ್ಮಗ ಆಡುತ್ತ ನಮ್ಮ ಅಂಗಳ ದಾಟಿ ಓಡಿದ್ದನಂತೆ. ಸಂಜೆ ಅವನಿಗೆ ಜ್ವರ ಬಂತು. ಮಳೆಗಾಲದಲ್ಲಿ ಯಾವ ಮನೆಯ ಮಗುವಿಗೆ ಜ್ವರ ಇರಲಿಲ್ಲ? ಆದರೆ ದೊಡ್ಡವ್ವ ನಮ್ಮ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಏನೈತೆ ಇದು? ಅಮಾಸೆ ದಿನ ಅಂಗಳದಾಗೆ ಏನು ಬರೆದೀರಿ? ನನ್ನ ಮೊಮ್ಮಗ ದಾಟ್ಯಾನೆ!"

"ಜಪಾನಿ ಅಕ್ಷರ ದೊಡ್ಡವ್ವ, ಓದಾಕೆ ಕಲೀತಿದೀನಿ" ಎಂದೆ.

"ಅಕ್ಷರಕ್ಕೆ ಕುಂಕುಮ ಯಾಕೆ ಹಾಕ್ತಾರೆ? ನನಗೆ ಗೊತ್ತಿಲ್ಲೇನು? ಇದು ಮಾಟ!"

ಪುಸ್ತಕ ತಂದು ತೋರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಮಾಟದ ಪುಸ್ತಕವನ್ನು ಅಂಚೆಯಲ್ಲಿ ತರಿಸಿಕೊಂಡಿದ್ದಾಳೆ ಎಂದಾಯಿತು. ಸೇರಿದವರಲ್ಲಿ ಡಿಗ್ರಿ ಓದಿದವರಿದ್ದರು, ಮೇಷ್ಟರಿದ್ದರು. ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ಅಚ್ಚಾಗಿದ್ದ 'ಜಪಾನಿ ಪಾಠ' ಎನ್ನುವ ಹೆಸರನ್ನು ಒಬ್ಬರೂ ಗಟ್ಟಿಯಾಗಿ ಓದಿ ಹೇಳಲಿಲ್ಲ. ದೊಡ್ಡವ್ವನ ಬಾಯಿಗೆ ಯಾಕೆ ಬೀಳುವುದು ಎಂದು ಸುಮ್ಮನೆ ನಿಂತರು. ದೊಡ್ಡವ್ವನಿಗೆ ಓದು ಬಾರದು, ಹೆದರಿದ್ದರು, ಅವರ ಮೇಲಿನ ಸಿಟ್ಟು ಅಷ್ಟಿಷ್ಟು ಕಡಿಮೆಯಾಗಿದೆ. ಆ ಮೇಷ್ಟರ ಮೇಲಿನದು ಆಗಿಲ್ಲ. ಅವ್ವ ಸಗಣಿ ನೀರು ತಂದು ನನ್ನ ವಾಕ್ಯದ ಮೇಲೆ ಸುರಿದಳು.

ಮಗುವಿನ ಜ್ವರ ಎರಡು ದಿನಕ್ಕೆ ಬಿಟ್ಟಿತು. ಸುದ್ದಿ ಬಿಡಲಿಲ್ಲ. ಜಗಳೂರಿನಿಂದ ಹೆಣ್ಣು ನೋಡಲು ಬರಬೇಕಿದ್ದವರು ಬರುವುದಿಲ್ಲವೆಂದು ಹೇಳಿಕಳಿಸಿದರು. ಅವರು ಅಲ್ಲಿಂದ ಹೊರಡುವ ಮುಂಚೆಯೇ ಮಾಟದ ಮಾತು ಇಲ್ಲಿಂದ ಬಸ್ಸು ಹತ್ತಿ ಹೋಗಿ ಕೂತಿತ್ತು. ಅವರು ಬಾರದ್ದು ನನಗೇನೂ ನಷ್ಟವಿರಲಿಲ್ಲ, ಅಪ್ಪಾಜಿಗೆ ಮರ್ಯಾದೆ ಹೋಯಿತು. ಮರುದಿನ ಬೆಳಿಗ್ಗೆ ದೊಡ್ಡವ್ವ ಬೇಲಿಯಾಚೆಯಿಂದ, "ಆ ಪುಸ್ತಕ ಮನೇಲಿ ಇಟ್ಕಬ್ಯಾಡ್ರಿ, ಬೆಂಕಿಗೆ ಹಾಕ್ರಿ, ಎಲ್ಲರಿಗೂ ಒಳ್ಳೇದು" ಎಂದರು. ಅಪ್ಪಾಜಿ ನನ್ನನ್ನು ಒಂದು ಮಾತೂ ಕೇಳದೆ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದರು. ನಾನು ಓಡಿಹೋಗುವಷ್ಟರಲ್ಲಿ ಹಾಳೆಗಳು ಸುರುಳಿ ಸುತ್ತುತ್ತಿದ್ದವು. ಅಪ್ಪಾಜಿ ಆ ಒಲೆಯ ಮೇಲಿನ ಹಂಡೆಯಲ್ಲಿ ಕಾದ ನೀರಲ್ಲೇ ಸ್ನಾನ ಮಾಡಿ, ವಿಭೂತಿ ಧರಿಸಿ, ಶಾಂತವಾಗಿ ಪೂಜೆಗೆ ಕೂತರು.

ಅಪ್ಪಾಜಿ ಒಳ್ಳೆಯವರು. ಎಲ್ಲರೂ ಹಾಗೆಯೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒಳ್ಳೆಯವರು ಮಾಡಿದ್ದನ್ನು ಮರೆಯುವುದು ಇನ್ನೂ ಕಷ್ಟ. ಇನ್ನೊಂದು ಪುಸ್ತಕ ಕಳಿಸಿ ಎಂದು ಕಾಗದ ಬರೆದೆ. ಬಂತೋ ಇಲ್ಲವೋ ತಿಳಿಯಲಿಲ್ಲ. ನನ್ನ ಹೆಸರಿನ ಅಂಚೆಯನ್ನೆಲ್ಲ ಅಂಗಡಿಗೇ ಕೊಡಬೇಕೆಂದು ಅಪ್ಪಾಜಿ ಹೇಳಿಟ್ಟಿದ್ದರು.

ಕೊನೆಗೆ ನನ್ನನ್ನು ಚನ್ನಗಿರಿಗೆ ಕೊಟ್ಟರು. ಮದುವೆಯಾದ ಎರಡನೇ ವರ್ಷ ಆಯುಧಪೂಜೆಗೆ ತವರಿಗೆ ಬಂದಿದ್ದೆ. ದೊಡ್ಡವ್ವನ ಮಗ, ಅಂದರೆ ಜ್ವರ ಬಂದ ಆ ಮಗುವಿನ ತಂದೆ, ಶಿವಮೊಗ್ಗದಿಂದ ಗದ್ದೆ ಉಳುವ ಒಂದು ಹಳೆಯ ಪವರ್ ಟಿಲ್ಲರ್ ತಂದಿದ್ದರು. ಜಪಾನಿನದು. ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಎಂಜಿನ್ನಿನ ಬೆಲ್ಟು ಮುಚ್ಚುವ ತಗಡಿನ ಮೇಲೆ ಬಿಳಿ ಬಣ್ಣದ ಜಪಾನಿ ಅಕ್ಷರಗಳು. ಅವುಗಳ ಸುತ್ತ ಮೂರು ಬೆರಳಿನ ವಿಭೂತಿ, ಅರಿಶಿನ, ಕುಂಕುಮ. ಅದೇ ಅಕ್ಷರಗಳು, ಅದೇ ಕುಂಕುಮ. ದೊಡ್ಡವ್ವ ಕಣ್ಣು ಮುಚ್ಚಿ ಅವುಗಳಿಗೆ ಆರತಿ ಎತ್ತಿದರು, ಮೊಮ್ಮಗನನ್ನು ಎಳೆದು ತಂದು ಅವನ ಹಣೆಯನ್ನು ತಗಡಿಗೆ ಮುಟ್ಟಿಸಿದರು. ನನ್ನ ಬೆರಳಿನಿಂದ ಬಂದರೆ ಮಾಟ, ಮಷೀನಿನ ಮೇಲೆ ಬಂದರೆ ದೇವರು! ನನಗೆ ಅಲ್ಲೇ ಕೂಗಬೇಕೆನಿಸಿತು. ಹಬ್ಬದ ದಿನ ಎಂದು ಹಲ್ಲು ಕಚ್ಚಿದೆ.

ಅಣ್ಣನಿಗೆ, ಅಂದರೆ ದೊಡ್ಡವ್ವನ ಆ ಮಗನಿಗೆ, ಹಳೆಯದು ನೆನಪಾಗಿ ನಗು ಬಂತು. "ಓದವ್ವ ನೋಡಾನ, ಏನು ಬರೆದಾರೆ?"

ಮೇಲಿನ ಸಾಲಿನಲ್ಲಿ ಇಟ್ಟಿಗೆ ಜೋಡಿಸಿದಂಥ ಎರಡು ಅಕ್ಷರ. ಅಂಥವು ನನ್ನ ಪುಸ್ತಕದಲ್ಲಿ ನಾನು ತಲುಪದ ಪಾಠಗಳಲ್ಲಿದ್ದವು. ಕೆಳಗಿನ ಸಾಲಿನ ನಾಲ್ಕೂ ನನಗೆ ಗುರುತು. ನೋಡಿದ ಕೂಡಲೇ ಬೆರಳು ತಾನಾಗಿ ಅಲ್ಲಾಡಿತು. "ಸ, ವ, ರು, ನ" ಎಂದೆ.

"ಹಂಗಂದ್ರೆ?"

"ಗೊತ್ತಿಲ್ಲ."

"ಇಷ್ಟೇನಾ ನಿನ್ನ ಜಪಾನಿ!" ಎಂದು ಎಲ್ಲರೂ ನಕ್ಕರು. ಕೈಯಲ್ಲಿ ಕೋಸಂಬರಿ ಹಿಡಿದು ಅಪ್ಪಾಜಿಯೂ ನಕ್ಕರು.

ದೀಪಾವಳಿಗೆ ನಾನು ಮತ್ತೆ ಬರುವಷ್ಟರಲ್ಲಿ ಅಣ್ಣನ ಬಲಗೈಗೆ ಪಟ್ಟಿ ಸುತ್ತಿತ್ತು. ಎಂಜಿನ್ ಓಡುವಾಗಲೇ ತಗಡು ಎತ್ತಿ ಬೆಲ್ಟು ಸರಿಮಾಡಲು ಕೈ ಹಾಕಿದ್ದರು. ಎರಡು ಬೆರಳು ಹೋಗಿದ್ದವು. ಟಿಲ್ಲರ್ ನೋಡಲು ಹೊನ್ನಾಳಿಯಿಂದ ಬಂದಿದ್ದ ಮೆಕ್ಯಾನಿಕ್ ಅದೇ ತಗಡನ್ನು ತಟ್ಟಿ, "ಇಲ್ಲಿ ಬರೆದೇ ಐತಲ್ರೀ, ಮುಟ್ಟಬ್ಯಾಡ ಅಂತ. ಜಪಾನ್ ಗಾಡಿ ಎಲ್ಲಾದರಾಗೂ ಇದೇ ಬರಹ ಇರ್ತದೆ" ಎಂದ.

ನನಗೆ ಅಣ್ಣನ ಕೈ ನೋಡಲಾಗಲಿಲ್ಲ. ಆಗ ದೊಡ್ಡವ್ವ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ನೀನು ಓದಿದೆಯಲ್ಲವ್ವ ಅವತ್ತು. ನಿನಗೆ ಬರ್ತಿತ್ತು. ಒಂದು ಮಾತು ಹೇಳಾಕೆ ಏನಾಗಿತ್ತು ನಿನಗೆ?"

ಇಷ್ಟು ವರ್ಷ ಕಳೆದರೂ ಆ ಮಾತು ಕೇಳಿದ ಜಾಗದಲ್ಲೇ ನಾನು ನಿಂತಿದ್ದೇನೆ. ಅಂದು ಹೇಳಿದೆ. "ಓದಾಕಷ್ಟೇ ಬರ್ತಿತ್ತು ದೊಡ್ಡವ್ವ. ಅರ್ಥ ಕಲಿಯಾಕೆ ನೀವು ಬಿಡಲಿಲ್ಲ."

"ಹಳೇದ್ಯಾಕೆ ಈಗ, ಹೋಗ್ಲಿ ಬಿಡು" ಎಂದರು ಅಪ್ಪಾಜಿ, ನೆಲ ನೋಡುತ್ತ.

ಹೋಗಲಿ ಬಿಡುವುದು ನನ್ನಿಂದ ಆಗಿಲ್ಲ. 'ಮುಟ್ಟಬೇಡ' ಎನ್ನುವ ಪದ ಆ ಪುಸ್ತಕದ ಉಳಿದ ಪಾಠಗಳಲ್ಲಿತ್ತೋ, ಎರಡನೇ ಪುಸ್ತಕದಲ್ಲಿತ್ತೋ, ಎರಡರಲ್ಲೂ ಇರಲಿಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನೋಡಿ ತಿಳಿಯುವಷ್ಟನ್ನೂ ಅವರು ಉಳಿಸಲಿಲ್ಲ. ಒಂದು ದಿನದ ಸ್ನಾನಕ್ಕೆ ನೀರು ಕಾಯಿಸಿಕೊಂಡರು.