ಸಾಲಿನ ಕೊನೆಯ ಕೊಡ

ಆಗೆಲ್ಲ ತೆಲುಗು ಸೀಮೆಯ ಜೀಡಿಮೆಟ್ಲಾದ ನಮ್ಮ ವಠಾರಕ್ಕೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಪುಣ್ಯ ಅಜ್ಜಿಯ ಬಾಯಿಂದ. ಬಿರುಬೇಸಿಗೆಯಲ್ಲಿ ಅಧಿಕಮಾಸ ಬಂದ ಆ ವರ್ಷ ಅಜ್ಜಿ ದಿನಾ ಸಂಜೆ ಹಳೆಯ ಕಾವ್ಯವೊಂದನ್ನು ಓದಿ ಅರ್ಥ ಹೇಳುತ್ತಿದ್ದಳು. ವಠಾರದ ಹೆಂಗಸರೆಲ್ಲ ಸೇರುತ್ತಿದ್ದರು. ಊದಿನಕಡ್ಡಿಯ ವಾಸನೆ, ಬೆಲ್ಲದ ಪಾನಕ, ಒಗ್ಗರಣೆ ಚುರುಮುರಿ. ನಾವು ಹುಡುಗಿಯರು ಕುಂಟಾಟ ಬಿಟ್ಟು ಓಡಿ ಬರುತ್ತಿದ್ದುದು ಚುರುಮುರಿಗೆ, ದೇವರು ಕ್ಷಮಿಸಲಿ.

ಅಜ್ಜಿಯದೊಂದು ಕಟ್ಟುನಿಟ್ಟು. ಕಥೆಯ ನಾಯಕ ಕಷ್ಟದಲ್ಲಿರುವಾಗ ಓದು ನಿಲ್ಲಬಾರದು, ಕೇಳುವವರು ಏಳಬಾರದು. ಎದ್ದರೆ ಆ ಕಷ್ಟ ಅವರ ಮನೆ ಹೊಗುತ್ತದೆ.

ಅವತ್ತು ರಾಜ ದಂಡಿನೊಡನೆ ಮರಳುಗಾಡಿನಲ್ಲಿದ್ದ. ಸಣ್ಣದೊಂದು ಒರತೆ ಸಿಕ್ಕಿತ್ತು. ಕಟ್ಟಕಡೆಯ ಕಾಲಾಳು ಕುಡಿಯುವ ತನಕ ತಾನು ಕುಡಿಯೆನೆಂದು ಕೂತಿದ್ದ. ಆಗಲೇ ಟ್ಯಾಂಕರಿನ ಹಾರ್ನು ಕೇಳಿತು.

"ರಾಜ ಕಾಯ್ತಾನ್ರಿ, ಟ್ಯಾಂಕರ್ ಕಾಯಂಗಿಲ್ಲ," ಪಕ್ಕದ ಮನೆಯ ಯಾದಮ್ಮ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಗೊಣಗಿದಳು. ಆದರೂ ಏಳಲಿಲ್ಲ. ಯಾರೂ ಏಳಲಿಲ್ಲ.

ಅತ್ತೆಯ ಎದುರು ದನಿ ಎತ್ತದ ಅವ್ವ ಚುರುಮುರಿ ಬಾಣಲೆ ಇಳಿಸಿ ಬಾಗಿಲಿಗೆ ಬಂದಳು. "ಅತ್ತೀ, ನೀವು ಓದ್ರಿ. ರಾಜನ್ನ ದಾಟಸ್ರಿ. ಎಲ್ಲಾರ ಕೊಡ ನಾ ನೋಡ್ಕೋತೀನಿ."

ಓದಿಗೆ ಕೂರದೆ ಹೊರಗೇ ಆಡುತ್ತಿದ್ದ ನಾನು ಕೊಡಗಳ ಸಾಲಿನ ಮೊದಲಿಗೆ ಆಗಲೇ ನಮ್ಮದನ್ನು ಇಟ್ಟಿದ್ದೆ. ಅವ್ವ ಅದನ್ನು ಎತ್ತಿ ಕೊನೆಗಿಟ್ಟಳು.

"ಯಾಕವ್ವಾ? ನಾ ಮೊದ್ಲ ಬಂದೀನಿ."

"ಅವರು ನಮ್ಮನ್ಯಾಗ ಕುಂತಾರ. ಅವರ ಕೊಡ ಖಾಲಿ ಉಳದ್ರ ಪಾಪ ಯಾರಿಗೆ? ಪೈಪ್ ಹಿಡಿ, ಮಾತಾಡಬ್ಯಾಡ."

ಒಂದೊಂದೇ ಮನೆಯ ಕೊಡ ತುಂಬಿತು. ನಮ್ಮದರ ಸರದಿಗೆ ಪೈಪು ಗೊರಗೊರ ಎಂದು ಅರ್ಧಕ್ಕೇ ನಿಂತಿತು. ನಾನು ಅಳತೊಡಗಿದೆ. ಮಂಗಳಾರತಿ ಮುಗಿಸಿ ಹೊರಬಂದ ಅಜ್ಜಿಗೆ ಅರ್ಧ ಕೊಡ ತೋರಿಸಿ ಚಾಡಿ ಹೇಳಿದೆ. ಅಜ್ಜಿ ಸಾಲನ್ನೆಲ್ಲ ನೋಡಿದಳು.

"ಇಷ್ಟ್ ವರ್ಷ ಓದಿದಾಕಿ ನಾನು," ಎಂದಳು. "ಕೇಳಿದಾಕಿ ನಿಮ್ಮವ್ವ."

ಯಾದಮ್ಮ ತನ್ನ ಕೊಡ ಬಗ್ಗಿಸಿ ನಮ್ಮದಕ್ಕೆ ಒಂದಿಷ್ಟು ಸುರಿದಳು. "ರಾಜಂದಾತು, ಈಗ ರಾಣಿ ಕುಡೀಲಿ," ಎಂದು ಅವ್ವನನ್ನು ಕೆಣಕಿದಳು. ಅವ್ವ ನಾಚಿ ಒಳಗೆ ಹೋಗಿ ಚುರುಮುರಿ ಹಂಚಿದಳು.

ಈಗ ಉಪ್ಪಲ್‌ನ ನಮ್ಮ ಮನೆಯಲ್ಲಿ ನಲ್ಲಿ ತಿರುವಿದರೆ ನೀರು. ದಿನಾ ಮೊದಲ ತಂಬಿಗೆಗೆ ಕೈಮುಗಿಯುತ್ತೇನೆ, ಅಷ್ಟು ಕೊಟ್ಟಿದ್ದಾನೆ ದೇವರು. ಅಧಿಕಮಾಸ ಬಂದರೆ ಅಜ್ಜಿಯ ಪುಸ್ತಕ ನಾನೇ ಓದುತ್ತೇನೆ. ರಾಜ ಯಾಕೆ ಮೊದಲು ಕುಡಿಯಲಿಲ್ಲ ಎಂದು ಮಗಳು ಕೇಳುತ್ತಾಳೆ. ಅರ್ಥ ಹೇಳುತ್ತೇನೆ. ತೋರಿಸೋಣವೆಂದರೆ ಕೊಡಗಳ ಸಾಲೇ ಇಲ್ಲ.