ಹತ್ತು ಸಾವಿರದ ಒಂದು

ಮದುವೆಯ ಲಕೋಟೆಯ ಮೂಲೆಗೆ ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತಾರಲ್ಲ, ಆ ಗೋಂದಿನ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ಮೈ ಉರಿಯುತ್ತದೆ. ಮೊನ್ನೆ ಸಂಶಿ ಪೇಟೆಯ ಅಂಗಡಿಯಲ್ಲಿ ಅಂಥದೊಂದು ಲಕೋಟೆ ಕೊಂಡೆ, ನಮ್ಮ ಗಣಿತದ ಮಾಸ್ತರರ ಮೊಮ್ಮಗಳ ಮದುವೆಗೆ. ಮಾಸ್ತರರು ಹೋದರು, ನನ್ನ ಸಿಟ್ಟು ಹೋಗಲಿಲ್ಲ.

ಹತ್ತನೇ ಇಯತ್ತೆಯಲ್ಲಿದ್ದೆ. ಒಂದು ದಿನ ಅವರು ಬೋರ್ಡಿನ ಮೇಲೆ 10001 ಎಂದು ಬರೆದರು. ನಮ್ಮ ಕಡೆ ಆಯೇರಿಗೆ, ಅಂದರೆ ಮದುವೆಯ ಮುಯ್ಯಿಗೆ, ಎಷ್ಟು ಕೊಟ್ಟರೂ ಮೇಲೊಂದು ರೂಪಾಯಿ ಸೇರಿಸುತ್ತಾರೆ; ಸಂಸಾರ ಒಡೆಯಬಾರದು ಎಂದು. "ಹಿರ್ಯಾರು ಸುಮ್ನ ಮಾಡಿಲ್ಲ. ಇದು ಅವಿಭಾಜ್ಯ ಸಂಖ್ಯಾ. ಯಾವುದರಿಂದನೂ ಭಾಗ ಹೋಗೂದಿಲ್ಲ" ಎಂದರು. ಎರಡು, ಮೂರು, ಐದು ಎನ್ನುತ್ತ ಹತ್ತೊಂಬತ್ತರ ತನಕ ಭಾಗಿಸಿ ತೋರಿಸಿ, ಕೈ ಝಾಡಿಸಿ ಕೂತರು. ಹತ್ತೊಂಬತ್ತಕ್ಕೇ ನಿಲ್ಲುವುದು ಎಂಥ ಲೆಕ್ಕ? ನೂರರ ತನಕ ನೋಡಬೇಕು!

ಆ ಸಂಜೆ ಅಡುಗೆಮನೆಯಲ್ಲಿ ಕೂತು, ಅವ್ವ ಬೈಯುತ್ತಿದ್ದರೂ ಬಿಡದೆ ಮುಂದಕ್ಕೆ ಹೋದೆ. ಇಪ್ಪತ್ಮೂರು, ಇಪ್ಪತ್ತೊಂಬತ್ತು... ಪ್ರತಿ ಸಲವೂ ಏನಾದರೂ ಉಳಿಯುತ್ತಿತ್ತು. ಎಪ್ಪತ್ಮೂರಕ್ಕೆ ಬಂದಾಗ ಉಳಿಯಲಿಲ್ಲ. ನೂರಾಮೂವತ್ತೇಳು ಸಲ, ಸರಿಯಾಗಿ! ಅಂಥ ಖುಷಿಯನ್ನು ನಾನು ಮುಂದೆ ಯಾವ ಹಬ್ಬದಲ್ಲೂ ಕಾಣಲಿಲ್ಲ. ಸೈನ್ಸ್ ತೆಗೆದುಕೊಂಡು ಗಣಿತವನ್ನೇ ಓದಬೇಕು ಎಂದು ಅಂದೇ ನಿಶ್ಚಯಿಸಿದೆ.

ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಎರಡೂ ಸಂಖ್ಯೆ ಹೇಳಿದೆ. "ಗುಣಿಸಿ ನೋಡ್ರಿ ಸರ್" ಎಂದೆ.

ಗುಣಿಸಲಿಲ್ಲ. "ಭಾಳ ಶಾಣ್ಯಾಕಿ ಆಗೀ ಏನಬೇ? ನಡಿ, ಹೊರಗ ನಿಂದ್ರು!"

ಸಂಜೆ ನಮ್ಮ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿಯುತ್ತ ಅಪ್ಪನಿಗೆ ಹೇಳಿದರು: "ಗಣಿತ ಈಕಿ ತಲೀಗೆ ಹತ್ತೂದಿಲ್ರಿ. ಸೈನ್ಸ್ ಬ್ಯಾಡ, ಆರ್ಟ್ಸ್ ಹಚ್ಚರಿ." ನಮ್ಮೂರಲ್ಲಿ ಮಾಸ್ತರರು ಹೇಳಿದರೆಂದರೆ ಮುಗಿಯಿತು. ಅತ್ತು ಕರೆದೆ, ಊಟ ಬಿಟ್ಟೆ. ಅಪ್ಪ ಆರ್ಟ್ಸಿಗೇ ಹಚ್ಚಿದ. ಗಣಿತದ ಪುಸ್ತಕ ಮತ್ತೆ ನನ್ನ ಕೈಗೆ ಬರಲಿಲ್ಲ...

ತಿಳಿಯದ ಮನುಷ್ಯ, ಮೇಲೆ ಹಟಮಾರಿ. ಹಾಗಂದುಕೊಂಡೇ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ.

ಮದುವೆಯಲ್ಲಿ ಲಕೋಟೆ ಕೊಡುತ್ತ ಮದುಮಗಳಿಗೆ ಚೇಷ್ಟೆ ಮಾಡಿದೆ. "ಹತ್ತು ಸಾವಿರದ ಒಂದು ಒಡಿಯೂದಿಲ್ಲ ಅಂತಿದ್ರವಾ ನಿಮ್ಮಜ್ಜಾರು."

ಆಕೆ ಗಣಿತದಲ್ಲೇ ಎಂ.ಎಸ್ಸಿ. ಮಾಡಿದವಳು. ನಕ್ಕಳು. "ಒಡೀತದಲ್ರಿ ಕಾಕು! ಎಪ್ಪತ್ಮೂರು ನೂರಾಮೂವತ್ತೇಳ್ಲೆ. ಅಜ್ಜಾನ ಕಲಿಸ್ಯಾನ. ಅವರ ಸಾಲ್ಯಾಗ ಯಾರೋ ಒಬ್ಬಾಕಿ ಹುಡುಗಿ ತೋರಿಸಿದ್ಲಂತ. ಅಗದಿ ಶಾಣ್ಯಾಕಿ, ನೀನೂ ಆಕಿ ಹಂಗ ಆಗಬೇಕು ಅಂತಿದ್ದ."

ಹಾಗಾದರೆ ಗುಣಿಸಿ ನೋಡಿದ್ದರು! ಆ ಮಾತನ್ನು ನಮ್ಮ ಕಟ್ಟೆಯ ಮೇಲೆ, ಅಪ್ಪನ ಮುಂದೆ ಹೇಳಲು ಏನು ಧಾಡಿಯಾಗಿತ್ತು? ವೇದಿಕೆಯ ಬಾಜು ಕುರ್ಚಿಯ ಮೇಲೆ, ಮಾಲೆ ಹಾಕಿದ ಅವರ ಫೋಟೋ ಇತ್ತು. ಜಗಳ ಕಾಯಲಿಕ್ಕೆ ಮನುಷ್ಯನೇ ಇರಲಿಲ್ಲ.

"ಯಾರ್ರಿ ಕಾಕು ಆಕಿ? ನಿಮಗೇನರ ಗೊತ್ತದನು?" ಎಂದು ಮದುಮಗಳು ಕೇಳಿದಳು.

ನನ್ನ ಹಿಂದೆ ಜನ ಕಾಯುತ್ತಿದ್ದರು. ಅಕ್ಷತೆ ಹಾಕಿ ಕೆಳಗಿಳಿದೆ. ಆ ಮನೆಯ ಊಟ ಮಾತ್ರ ಮಾಡಲಿಲ್ಲ.